ಗುರುಪಾದುಕೆಗೆ ಒಂದು ಶಾಲು

ಜೈನ ಬಸದಿಗೆ ಹೋದರೆ ನಾನು ಮೊದಲು ನೋಡುವುದು ದೇವರನ್ನಲ್ಲ, ಚಾವಣಿಯನ್ನು. ನನ್ನಂಥ ದೊಡ್ಡಬಳ್ಳಾಪುರದ ನೇಕಾರನಿಗೆ ಅಲ್ಲಿ ಕೆತ್ತಿದ ಬಳ್ಳಿ ಕಂಡರೂ ಸೀರೆಯ ಅಂಚೇ ಕಾಣುತ್ತದೆ. ದೇವನಹಳ್ಳಿ ದಾರಿಯಲ್ಲಿರುವ ಬಿಳಿ ಅಮೃತಶಿಲೆಯ ಬಸದಿಯಲ್ಲಿ, ಗುಮ್ಮಟದ ನಡುವೆ ತಲೆಕೆಳಗಾಗಿ ತೂಗುವ ಕಲ್ಲಿನ ಕಮಲವನ್ನು ನೋಡಿ ನೋಡಿ ನನ್ನ ಕತ್ತು ಉಳುಕಿದ್ದುಂಟು. ಕಬ್ಬಿಣ ಬಳಸದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದಂತೆ. ನಮ್ಮ ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ಬಿಚ್ಚಿ ಸೇರಿಸಬಹುದು. ಪಾಪ, ಆ ಶಿಲ್ಪಿಗಳು ಏನು ಮಾಡುತ್ತಿದ್ದರೋ!

ನನ್ನ ಹೆಂಡತಿ ಸಾವಿತ್ರಿ ಮಾತ್ರ ನೇರವಾಗಿ ಪಕ್ಕದ ಗುರುಮಂದಿರಕ್ಕೆ ಹೋಗುತ್ತಾಳೆ. ಅಲ್ಲಿ ಮೂರ್ತಿಯಿಲ್ಲ, ಕಲ್ಲಿನಲ್ಲಿ ಕೆತ್ತಿದ ಎರಡು ಪಾದಗಳಷ್ಟೆ; ಅದೇ ಗುರುಪಾದುಕೆ. ಒಂದು ಬೇಸಿಗೆಯಲ್ಲಿ ಬರಿಗಾಲಲ್ಲಿ ನಡೆದು ಹೊರಟಿದ್ದ ಜೈನ ಮುನಿಯೊಬ್ಬರು ನಮ್ಮ ಜಗಲಿಯಲ್ಲಿ ದಣಿವಾರಿಸಿಕೊಂಡರು. ಅಂದಿನಿಂದ ಅವಳಿಗೆ ಆ ಕಲ್ಲಿನ ಪಾದಗಳ ಮೇಲೆ ಭಕ್ತಿ. ಹೊಸ ಮಗ್ಗ ಸರಿಯಾಗಿ ಓಡಿದರೆ ಅದರ ಮೊದಲ ಶಾಲು ಗುರುಪಾದುಕೆಗೆ ಎಂದು ಹರಕೆ ಹೊತ್ತಿದ್ದಳು.

ಮಗ್ಗ ಓಡಿತು. ಶಾಲು ಹಿಡಿದು ಹೋದೆವು. ಗುರುಮಂದಿರ ನೋಡಿಕೊಳ್ಳುವ ಹಿರಿಯರ ಮುಂದೆ ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ನಮ್ಮ ಮಗ್ಗದ್ದೇ ಸ್ವಾಮಿ, ಅಪ್ಪಟ ರೇಷ್ಮೆ!"

ಶಾಲಿಗೆ ಚಾಚಿದ್ದ ಕೈಯನ್ನು ಅವರು ಮೆಲ್ಲಗೆ ಹಿಂದೆ ತೆಗೆದುಕೊಂಡರು. "ಬೇಜಾರು ಮಾಡ್ಕೋಬೇಡಿ. ರೇಷ್ಮೆ ಇಲ್ಲಿ ಇಡೋದಿಲ್ಲ. ಹುಳ ಬೇಯಿಸಿ ತೆಗೆದ ನೂಲಲ್ವಾ?"

ಅಹಿಂಸೆಯ ಗುಡಿಯಲ್ಲಿ ನಾನು ರೇಷ್ಮೆಯ ಜಂಬ ಕೊಚ್ಚಿದ್ದೆ. ಅದೂ ಸುಳ್ಳು ಜಂಬ. ಶಾಲು ಪಾಲಿಯೆಸ್ಟರ್. ಊರಿಗೆಲ್ಲ ರೇಷ್ಮೆ ಎಂದೇ ಹೇಳಿಕೊಂಡು ಬಂದಿದ್ದೆ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತದೆ, ಆದರೆ ಅವಳ ಹರಕೆಯ ಶಾಲು ವಾಪಸು ಬರುತ್ತದೆ. ಸಾವಿತ್ರಿ ಶಾಲನ್ನು ಎದೆಗೆ ಅವಚಿಕೊಂಡು ಪಾದುಕೆಗಳನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

"ರೇಷ್ಮೆ ಅಲ್ಲ ಸ್ವಾಮಿ. ಪಾಲಿಯೆಸ್ಟರು. ಸುಳ್ಳು ಹೇಳ್ಬಿಟ್ಟೆ."

ಹಿರಿಯರು ನಗಲಿಲ್ಲ, ಬಯ್ಯಲೂ ಇಲ್ಲ. "ಹಂಗಾದ್ರೆ ಇಡಿ ತಾಯಿ," ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ: "ನಿಂಗೆ ಗೊತ್ತಿತ್ತಲ್ಲ, ನೀನೇ ಹೇಳ್ಬೋದಿತ್ತಲ್ಲ?"

"ಕಂಡಿಕೆಗೆ ನೂಲು ಸುತ್ತಿದವ್ಳೇ ನಾನು, ಗೊತ್ತಿರಲ್ವಾ? ನಿಮ್ಮ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ."

ಇಷ್ಟು ದಿನ ನಾನು ಚಾವಣಿ ನೋಡಿ ಕತ್ತು ನೋಯಿಸಿಕೊಂಡೆ. ನನ್ನ ಗುರುಗಳು ಪಕ್ಕದಲ್ಲೇ, ಕಿಟಕಿ ಸೀಟು ಹಿಡಿದು ಕೂತಿದ್ದರು.