ಕಂಪ್ಯೂಟರಿಗೊಂದು ಕುಲಾವಿ

ನಮ್ಮ ಕಿಟಾಲೆ ಊರಿನ ಮನೆಗಳಲ್ಲಿ ಬೆತ್ತಲೆ ಇರುವ ಹಕ್ಕು ಕೋಳಿಗಳಿಗೆ ಮಾತ್ರ. ಸೋಫಾ, ಟೀವಿ, ರೇಡಿಯೊ, ಥರ್ಮಾಸು ಎಲ್ಲಕ್ಕೂ ಕ್ರೋಶಾ ಹೆಣೆದ ಹೊದಿಕೆ ಬೇಕು. ನಾನಂತೂ ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಪಳಗಿದವಳು. ಅವರು ಕಲಿಸಿದ ಬೀಜಗಣಿತ ಬೀಜಸಮೇತ ನಾಶವಾಯಿತು, ಕ್ರೋಶಾ ಉಳಿಯಿತು. ಅದು ಹೆಚ್ಚಿದಷ್ಟೂ ಮನೆಯವರ ಆಕ್ರೋಶ ಹೆಚ್ಚಿತು ಎಂಬುದು ಬೇರೆ ಮಾತು.

ನನ್ನ ಗಂಡ ಮಕೋಖಾ ಇಡೀ ಬದುಕು ನೈರೋಬಿ ಬಸ್ಸು ಓಡಿಸಿದವರು. ಮಂಡಿ ಕೈಕೊಟ್ಟ ಮೇಲೆ ಷೆಡ್ಡಿಗೆ ನೂಕಿದ ಗಾಡಿಯಂತಾದರು. ಗಡ್ಡ ಬೋಳಿಸುವುದಿಲ್ಲ, ಚಹಾ ತಣ್ಣಗಾದರೂ ಬೈಯುವುದಿಲ್ಲ, ಯಾರಾದರೂ ಬಂದರೆ ನಿದ್ದೆಯ ನಾಟಕ. ನನ್ನನ್ನು ಬೈಯದ ಗಂಡನನ್ನು ನೋಡಿ ನನಗೆ ನಿಜಕ್ಕೂ ಭಯವಾಗತೊಡಗಿತು.

ಆಗ ಮೊಂಬಾಸಾದಲ್ಲಿರುವ ಮಗಳು ನೆಕೇಸಾ ತನ್ನ ಹಳೆಯ ಕಂಪ್ಯೂಟರು, ಪುಟ್ಟದೊಂದು ಸ್ಟಿಯರಿಂಗು, ಬಸ್ಸು ಓಡಿಸುವ ಆಟದ ಡಿಸ್ಕು ಕಳಿಸಿದಳು. ಮಕೋಖಾ ಅಂದೇ ಗಡ್ಡ ಬೋಳಿಸಿದರು. ಹಳೆಯ ಕಂಡಕ್ಟರ್ ಸಿಟಾಟಿಗೆ ಫೋನು ಹೋಯಿತು: "ಶನಿವಾರ ಬಾರೋ, ನೈರೋಬಿಗೆ ಹೋಗಿಬರೋಣ."

ಆ ಸಂಭ್ರಮಕ್ಕೆ ನಾನು ಕೆಂಪು ಉಣ್ಣೆಯಲ್ಲಿ ಕಂಪ್ಯೂಟರ್ ಪೆಟ್ಟಿಗೆಗೊಂದು ಕುಲಾವಿ ಹೆಣೆದೆ. ಮುಂದುಗಡೆ ಉದ್ದುದ್ದ ಕುಚ್ಚು ಬೇರೆ.

ಶನಿವಾರ ಸಿಟಾಟಿ ಕಂಡಕ್ಟರ್ ಟೋಪಿ ಹಾಕಿಕೊಂಡೇ ಬಂದ. ಕುಚ್ಚು ಸರಿಸಿ ಡಿಸ್ಕು ಹಾಕಿದೆವು. ಆಟ ಡಿಸ್ಕಿನಿಂದ ಕಂಪ್ಯೂಟರಿಗೆ ಮುಕ್ಕಾಲು ಭಾಗ ಇಳಿದು ನಿಂತಿತು. ಡಿಸ್ಕು ಓದಲಾಗುತ್ತಿಲ್ಲ ಎಂದು ಪರದೆ ಸಾರಿತು.

"ಏನೋ ಡ್ರೈವರು, ಸ್ಟ್ಯಾಂಡಲ್ಲೇ ಪಂಕ್ಚರ್ರಾ?" ಎಂದ ಸಿಟಾಟಿ.

"ಸುಮ್ನಿರೋ ಮಾರಾಯ."

"ಸರೀರಿ ಇಬ್ರೂ," ಎಂದು ನಾನು ಮುನ್ನುಗ್ಗಿದೆ. "ಡಿಸ್ಕು ಕೊಳೆಯಾಗಿರತ್ತೆ ಅಷ್ಟೇ." ಕುಲಾವಿಯ ಅಂಚಿನಲ್ಲೇ ಗಸಗಸ ಒರೆಸಿದೆ. ಈ ಸಲ ಅರ್ಧಕ್ಕೇ ನಿಂತಿತು. ಟೂತ್‌ಪೇಸ್ಟು ತಿಕ್ಕಿದೆ. ಇನ್ನೂ ಬೇಗ ನಿಂತಿತು.

"ಅತ್ತಿಗೆ, ಅದಕ್ಕೆ ಹುಳುಕುಹಲ್ಲು ಇತ್ತಾ?"

ಉತ್ತರವಾಗಿ ಬಾಳೆಹಣ್ಣಿನ ಸಿಪ್ಪೆಯನ್ನೂ ತಿಕ್ಕಿದೆ. ಆಟ ಶುರುವಾಗಲೇ ಇಲ್ಲ. ಡಿಸ್ಕು ಮಾತ್ರ ಘಮಘಮ ಎನ್ನತೊಡಗಿತು.

ಮಕೋಖಾ ಸ್ಟಿಯರಿಂಗಿನಿಂದ ಕೈ ತೆಗೆದರು. ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. "ಬಿಡೇ ನೆಕೇಸಾ ಅಮ್ಮ. ಈ ಗಾಡಿಗೂ ನಾನು ಬೇಡವಂತೆ."



ಸಿಟಾಟಿ ಡಿಸ್ಕು ಎತ್ತಿಕೊಂಡು ಪಕ್ಕದಲ್ಲೇ ಕಂಪ್ಯೂಟರಿದ್ದ ನಸಾಂಬುವಿನ ಸಲೂನಿಗೆ ನಡೆದ, ನಾನು ಹಿಂದೆ ಓಡಿದೆ. ನಸಾಂಬು ಅದನ್ನು ಮೂಸಿ ನೋಡಿ, "ಇದನ್ನ ತಿನ್ನೋದಾ, ಹಾಕೋದಾ?" ಎಂದಳು. ಸೋಪುನೀರಲ್ಲಿ ತೊಳೆದು, ಮೆತ್ತನೆ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದಳು. ಎಲ್ಲೂ ತಡವರಿಸದೆ ಕೊನೆಯವರೆಗೂ ಓದಿತು. ಅದೇ ಡಿಸ್ಕು ನಮ್ಮ ಮನೆಯಲ್ಲಿ ಮತ್ತೆ ಮುಗ್ಗರಿಸಿತು. ನಮ್ಮ ಚರ್ಚಿನ ಹಾಡಿನ ಡಿಸ್ಕು ಹಾಕಿದರೆ ಅದೂ ಬಿಕ್ಕಳಿಸಿತು.

"ತಪ್ಪು ಡಿಸ್ಕಿನದ್ದಲ್ಲ ಅತ್ತಿಗೆ, ಪೆಟ್ಟಿಗೆದು," ಎಂದ ಸಿಟಾಟಿ.

ಗುಂಡಿ ಒತ್ತಿದೆ. ಪೆಟ್ಟಿಗೆ ನನ್ನತ್ತ ನಾಲಗೆ ಚಾಚಿತು. ನಾಲಗೆಯ ತುಂಬ ಕೆಂಪು ಉಣ್ಣೆಯ ಎಳೆಗಳು.

ಸಿಟಾಟಿ ಒಮ್ಮೆ ಕುಚ್ಚು ನೋಡಿದ, ಒಮ್ಮೆ ನನ್ನನ್ನು ನೋಡಿದ. "ಪಾಪ, ಅದು ಓದೋದ್ಹೇಗೆ? ಬಾಯ್ತುಂಬ ಸ್ವೆಟರು!"

ಸೈಕಲ್ ಪಂಪು ತಂದು ಒಳಗೆ ಗಾಳಿ ಹೊಡೆದ. ನನ್ನ ಕಲಾಕೃತಿ ತುಣುಕುತುಣುಕಾಗಿ ಹೊರಗೆ ಹಾರಿತು. ಆಮೇಲೆ ಆಟ ಎಲ್ಲೂ ನಿಲ್ಲದೆ ಇಳಿಯಿತು. ನಾನು ಕುಲಾವಿ ಕಿತ್ತು ಮುದ್ದೆ ಮಾಡಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಮಕೋಖಾ ಎದ್ದು ಬಂದು ಸ್ಟಿಯರಿಂಗ್ ಹಿಡಿದರು. ಗಾಡಿ ಮಾತ್ರ ಹೊರಡಿಸಲಿಲ್ಲ.

"ಇನ್ನೇನ್ರೀ?"

"ನೀನು ಹೆಣೆದ ಬಟ್ಟೆ ಸ್ಟಿಯರಿಂಗ್ ಮುಂದೆ ಹಾಸದೆ ಎಂದಾದ್ರೂ ಬಸ್ಸು ತೆಗೆದಿದೀನಾ? ಎಲ್ಲಿ ಅದು?"

ನಾನು ಕತ್ತರಿ ತಂದು ಕುಚ್ಚು ಕತ್ತರಿಸಿದೆ. ಉಳಿದದ್ದನ್ನು ಪರದೆಯ ನೆತ್ತಿಗೆ, ಪೆಟ್ಟಿಗೆಯ ಬಾಯಿಂದ ಆದಷ್ಟು ದೂರದಲ್ಲಿ, ಹಾಸಿದೆ.

ಸಿಟಾಟಿ ಬಾಗಿಲ ಚೌಕಟ್ಟಿಗೆ ನೇತುಬಿದ್ದ. "ಎಲ್ಡೊರೆಟ್, ನಕುರು, ನೈರೋಬೀ! ಅತ್ತಿಗೆ, ಕೂತ್ಕೊಳ್ಳಿ, ಹೊರಡ್ತು!"

ಕೂತೆ. ಬಸ್ಸು ಭರ್ರೆಂದು ಹಿಂದಕ್ಕೆ ಚಲಿಸಿ ನಿಲ್ದಾಣದ ಗೋಡೆಗೆ ಗುದ್ದಿತು.

"ಎಲ್ಲಾ ನಿನ್ನಿಂದಲೇ!" ಎಂದು ಮಕೋಖಾ ನನ್ನನ್ನು ಬೈದರು. ಎಷ್ಟು ದಿನದ ಮೇಲೆ! ನಾನು ಅವರ ಚಹಾ ಬಿಸಿ ಮಾಡಲು ಒಳಗೆ ಓಡಿದೆ.