ಫರಹೀನಳ ಹೆಸರಿನಲ್ಲಿ ಹೇಳಿದ ಮಾತು

ನೆಲೋಗಿಯ ಫರಹೀನ ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಎದೆಯ ಜೀವಕೋಶಗಳನ್ನು ಬೆಳೆಸಿ ಅಭ್ಯಾಸ ಮಾಡುತ್ತಿದ್ದಳು. ಅದೇನು ಕೆಲಸ ಎಂದು ಮನೆಯಲ್ಲಿ ವಿಚಾರಿಸುತ್ತಿದ್ದವಳು ಹಿರಿಯಕ್ಕ ಮಿನಾಜ ಒಬ್ಬಳೇ. ಅಫಜಲಪುರದ ಗಂಡನ ಮನೆಯಿಂದ ಫೋನ್ ಹಚ್ಚಿ ಬಿಡದೆ ಕೇಳುವಳು. ಶಾಲೆ ಬಿಟ್ಟ ಅಕ್ಕನಿಗೂ ತನ್ನ ಕೆಲಸದ ಮೇಲೆ ಇಷ್ಟು ಆಸ್ಥೆ ಎಂದು ಫರಹೀನಳಿಗೆ ಹಿಗ್ಗು.

ಅವಳು ಬಿಡಿಸಿ ಹೇಳುತ್ತಿದ್ದಳು. ಕೋಶದ ಮೈಮೇಲೆ ಗ್ರಾಹಕಗಳೆಂಬ ಕೊಕ್ಕೆಗಳಿರುತ್ತವೆ; ಅವುಗಳಿಂದಲೇ ಅದು ತನ್ನ ಕೆಳಗಿನ ತೆಳು ಪದರವನ್ನು ಹಿಡಿದುಕೊಂಡಿರುತ್ತದೆ. ಹಿಡಿತ ಸರಿಯಿದ್ದರೆ ಯಾವ ಕಡೆ ಹಾಲು ಬಿಡಬೇಕು, ಯಾವಾಗ ಬೆಳೆಯುವುದನ್ನು ನಿಲ್ಲಿಸಬೇಕು ಎಂಬುದು ಕೋಶಕ್ಕೆ ತಿಳಿಯುತ್ತದೆ. ಹಿಡಿತ ಕೆಟ್ಟರೆ ಕೋಶಗಳು ಒಂದರ ಮೇಲೊಂದು ಬೆಳೆದು ಗಂಟಾಗುತ್ತವೆ, ಕೆಲವು ಬೇರೆ ಕಡೆ ಹೊರಡುತ್ತವೆ. ಮಿತಿಮೀರಿ ಕೆಲಸ ಮಾಡುತ್ತಿದ್ದ ಅಂಥ ಒಂದು ಗ್ರಾಹಕವನ್ನು ತಡೆದಾಗ, ಪ್ರಯೋಗದ ತಟ್ಟೆಯಲ್ಲಿದ್ದ ಕೆಟ್ಟ ಕೋಶಗಳೂ ಮತ್ತೆ ದುಂಡಗೆ, ಶಿಸ್ತಾಗಿ ಕೂತದ್ದನ್ನು ಅವಳು ಕಂಡಿದ್ದಳು.

"ನೋವಿಲ್ಲದ ಗಂಟೂ ಹಂಗ ಹೊಂಡತದೇನ?" ಎಂದು ಮಿನಾಜ ಒಮ್ಮೆ ಕೇಳಿದಳು. ಹೊರಡಬಹುದು, ಸಾಮಾನ್ಯವಾಗಿ ಮೊದಲು ಕಂಕುಳಿಗೆ ಎಂದಳು ಫರಹೀನ. ತಟ್ಟೆಯಲ್ಲಿ ಸರಿಯಾದದ್ದು ಮನುಷ್ಯರಲ್ಲಿ ಆಗಲು ಇನ್ನೂ ಬಹಳ ವರ್ಷ ಬೇಕು, ಗಂಟು ಕಂಡರೆ ತಡಮಾಡದೆ ದವಾಖಾನೆಗೆ ಹೋಗಬೇಕು ಎಂದೂ ಹೇಳಿದ್ದಳು.

ಈದಿಗೆ ಊರಿಗೆ ಬಂದಾಗ ತಾಯಿ ಹಜರಾಬಿ ಒಂದೇ ಕೈಯಲ್ಲಿ ಅವಳನ್ನು ಅಪ್ಪಿಕೊಂಡಳು. ಎಡಗೈ ಮೇಲೆ ಏಳುತ್ತಿರಲಿಲ್ಲ. ಫರಹೀನ ಒಳಗೆ ಕರೆದೊಯ್ದು ಮುಟ್ಟಿ ನೋಡಿದಳು. ಎದೆಯಲ್ಲೊಂದು ಗಂಟು, ಕಂಕುಳಲ್ಲಿ ಇನ್ನೊಂದು.

"ಹೋದ ವರ್ಷನ ಮಿನಾಜಗ ತೋರಿಸಿದ್ದೆ," ಎಂದಳು ಹಜರಾಬಿ. "ನಿನ್ನ ಕೇಳಿದ್ಳಂತಲ್ಲ. ಏನೂ ಆಗಂಗಿಲ್ಲ ಅಂತ ನೀನೇ ಅಂದೀಯಂತ."

ಮರುದಿನ ಹಬ್ಬಕ್ಕೆ ಬಂದ ಮಿನಾಜ ಏನನ್ನೂ ಅಲ್ಲಗಳೆಯಲಿಲ್ಲ. ಮಗಳು ಜಸ್ಮೀನಳಿಗೆ ಸಂಬಂಧ ಕೂಡಿಬಂದಿತ್ತು, ಮನೆತನದಲ್ಲಿ ಇಂಥ ಕಾಯಿಲೆ ಇದೆಯೆಂದರೆ ಬೀಗರು ಹಿಂದೆ ಸರಿಯುತ್ತಿದ್ದರು, ನಿಕಾಹ್ ಮುಗಿದ ಮೇಲೆ ಹೇಳಬೇಕೆಂದಿದ್ದೆ ಎಂದಳು.

"ನನ್ನ ಹೆಸರು ಯಾಕ ಹೇಳಿದಿ, ಆಪಾ?"

"ನೀ ಅಂದ್ರ ಅಮ್ಮಿ ನಂಬತಾಳ."

ಫರಹೀನ ತಾಯಿಯನ್ನು ಬಸ್ಸಿನಲ್ಲಿ ಕಲಬುರಗಿಯ ದವಾಖಾನೆಗೆ ಕರೆದೊಯ್ದಳು. ಜೇವರ್ಗಿ ದಾಟಿದ ಮೇಲೆ ಹಜರಾಬಿ ಮೆಲ್ಲಗೆ, "ನಿನಗ ಖರೇನೇ ಗೊತ್ತಿರಲಿಲ್ಲೇನ?" ಎಂದು ಕೇಳಿದಳು. ಇಲ್ಲವೆಂದು ಫರಹೀನ ಹೇಳಿದರೂ ತಾಯಿ ಕಿಟಕಿಯ ಕಡೆ ತಿರುಗಿ ಕೂತಳು.

ಔಷಧಿಯಿಂದ ಗಂಟು ಕುಗ್ಗಿತು, ಆಮೇಲೆ ಆಪರೇಶನ್ನೂ ಆಯಿತು. ಹಜರಾಬಿ ಉಳಿದಳು. ಜಸ್ಮೀನಳ ನಿಕಾಹಿಗೆ ಫರಹೀನ ಹೋಗಲಿಲ್ಲ. ಅಕ್ಕನೊಡನೆ ಈಗ ತಾಯಿಯ ಗುಳಿಗೆಯ ವಿಷಯ ಬಿಟ್ಟು ಬೇರೆ ಮಾತಿಲ್ಲ. ಫರಹೀನಳಿಗೆ ಹೆಚ್ಚು ಚುಚ್ಚುವುದು ಬೇರೆಯೇ: ತಾನು ಏನು ಹೇಳಿದರೂ ಅಮ್ಮಿ ತಲೆಯಾಡಿಸುತ್ತಾಳೆ, ಆಮೇಲೆ ಅದನ್ನೇ ಡಾಕ್ಟರರ ಬಳಿ ಇನ್ನೊಮ್ಮೆ ಕೇಳುತ್ತಾಳೆ.