ಡಾಕ್ಟರಿಗೆ ಹೇಳದೆ ಬಿಟ್ಟ ಮಾತು

ತಂಗಿ ನನಗೆ ಹೇಳಿದ್ದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಎಡಮಗ್ಗುಲಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಹೊರಳಿದರೆ ಸರಿಹೋಗುತ್ತದೆ ಎಂದಿದ್ದಳು.

ನಾವು ಬೆಟಗೇರಿಯ ನೇಕಾರರು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು. ತಂಗಿ ನೂಲಿಗೆ ಬಣ್ಣ ಹಾಕುತ್ತಿದ್ದಳು. ಅವಳ ಬೆರಳ ತುದಿಗೆ ಕೆಂಪು, ನೇರಳೆ ಚುಕ್ಕಿ ಮೂಡಿದಾಗ ಬಣ್ಣವೆಂದೇ ತಿಳಿದೆವು. ಅವ್ವ ಸೀಮೆಎಣ್ಣೆ ಹಚ್ಚಿ ತಿಕ್ಕಿದಳು.

“ಕಾಲಬೆರಳಿಗೂ ಬಂದಾವು. ಕಾಲಿಲೆ ಬಣ್ಣ ಹಾಕತೀನೇನಬೇ?” ಎಂದು ತಂಗಿ ನಕ್ಕಳು. ಆಗ ನಮಗೆ ದಿಗಿಲಾಯಿತು. ಸಣ್ಣ ಜ್ವರ, ಕೀಲುನೋವೂ ಇದ್ದವು.

ಗದಗಿನ ಡಾಕ್ಟರು ರಕ್ತದ ತಪಾಸಣೆ ನೋಡಿ, ರಕ್ತನಾಳಗಳು ಬಾತಿರಬೇಕು ಎಂದರು. “ಎದಿ ತ್ರಾಸ ಏನರ ಐತೇನು?” ಎಂದು ಕೇಳಿದರು. ತಂಗಿ ನನ್ನ ಮುಖ ನೋಡಿದಳು. ನಮ್ಮಲ್ಲಿ ಅಣ್ಣ ಜೊತೆಗಿದ್ದರೆ ಅವನೇ ಉತ್ತರ ಕೊಡುವುದು. ಮುಂಡರಗಿಯ ಗಂಡಿನ ಕಡೆಯವರು ಅವಳನ್ನು ನೋಡಿ ಹೋಗಿದ್ದರು. ಅವರ ಬೀಗರೊಬ್ಬರು ಹೊರಗೆ, ಒಳಗಿನ ಮಾತು ಕೇಳುವಷ್ಟು ಹತ್ತಿರ, ಬಾಕಿನ ಮೇಲೆ ಕೂತಿದ್ದರು.

“ಇಲ್ರಿ,” ಎಂದೆ.

ಹೊರಗೆ ಬಂದ ಮೇಲೆ ತಂಗಿ, “ಯಣ್ಣಾ, ಉಸುರು ನಂದೋ ನಿಂದೋ?” ಎಂದಳು.

“ಸುಮ್ಕಿರಲೇ. ಮದುವಿ ಆಗೂತನಕ ಬಲಮಗ್ಗಲಾಗಿ ಮಲಕೋ.”

ಸ್ಟೀರಾಯ್ಡ್ ಗುಳಿಗೆಯಿಂದ ಜ್ವರ ಇಳಿಯಿತು. ಒಂದು ಬೆಳಿಗ್ಗೆ ನೂಲಿನ ಲಡಿ ಅವಳ ಬಲಗೈಯಿಂದ ಜಾರಿತು. ಮಾತು ತೊದಲಿತು. ಹುಬ್ಬಳ್ಳಿಯಲ್ಲಿ ಎದೆಯ ಸ್ಕ್ಯಾನ್ ಮಾಡಿದರೆ ಹೃದಯದೊಳಗೆ ಮೆತ್ತನೆಯ ಗಡ್ಡೆ. ಅದರ ಚೂರುಗಳು ರಕ್ತದಲ್ಲಿ ಹರಿದು ಬೆರಳುಗಳಲ್ಲಿ ಸಿಕ್ಕಿಕೊಂಡಿದ್ದವು. ಒಂದು ಚೂರು ಮಿದುಳಿಗೆ ಹೋಗಿತ್ತು. ಈ ರೋಗ ಹೊರಗಿನಿಂದ ನೋಡಲು ರಕ್ತನಾಳದ ಬಾವಿನಂತೆಯೇ ಕಾಣುತ್ತದಂತೆ. ಒಂದು ಮಗ್ಗುಲಿಗೆ ಮಲಗಿದಾಗ ಮಾತ್ರ ಉಸಿರು ಕಟ್ಟುತ್ತಿತ್ತೇ ಎಂದು ಅಲ್ಲಿಯ ಡಾಕ್ಟರು ಕೇಳಿದರು. ಹೌದು ಎಂದೆ. ಮೊದಲೇ ಯಾರಿಗಾದರೂ ಹೇಳಿದ್ದಿರಾ ಎಂದರು.

ಗಡ್ಡೆ ತೆಗೆದರು. ಕ್ಯಾನ್ಸರ್ ಅಲ್ಲವಂತೆ. ಮಾತು ಮರಳಿತು, ಬಲಗೈ ಪೂರ್ತಿ ಮರಳಲಿಲ್ಲ. ಮುಂಡರಗಿಯವರು ಬೇರೆ ಹೆಣ್ಣು ನೋಡಿಕೊಂಡರು. ನಾನು ಔಷಧ ತಂದುಕೊಟ್ಟೆ, ತಲೆ ಬಾಚಿಕೊಟ್ಟೆ, ಆ ವಿಷಯ ಮಾತ್ರ ಎತ್ತಲಿಲ್ಲ.

ಮೊನ್ನೆ ಮತ್ತೆ ತಪಾಸಣೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದೆವು. “ಒಳಗ ನಾನ ಮಾತಾಡತೀನಿ. ನೀ ಹೊರಗ ಕುಂಡರು,” ಎಂದಳು. ಸಿಟ್ಟಿನಿಂದಲ್ಲ, ಬಸ್ಸಿನ ಚೀಟಿ ತಗೋ ಎನ್ನುವ ಹಾಗೆ. ಸುತ್ತ ಜನರಿದ್ದರು. ಆದರೂ ಹೇಳಿದೆ:

“ತಂಗಿ, ಸಂಬಂಧ ತಪ್ಪತೈತಿ ಅಂತ ಅಂಜಿ ನಾ ಅವತ್ತ ಸುಳ್ಳು ಹೇಳಿದೆ. ನಿನ್ನ ಕೈ ಹೋಗಿದ್ದು ನನ್ನಿಂದ. ತಪ್ಪಾತವಾ, ನನ್ನ ಕ್ಷಮಾ ಮಾಡು.”